ಮನೆಯಲ್ಲೇ ಎಂಜಿನ್ ಕಟ್ಟುವವರಿಗೆ ಅಳತೆ ಸಾಮಾನು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಹೀರೋ ಸ್ಪ್ಲೆಂಡರಿನ ಸ್ಟ್ಯಾಂಡರ್ಡ್ ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ, 50 ಮಿ.ಮೀ. ಯಮಹಾ ಆರ್‌ಎಕ್ಸ್ 100ದೂ 50. ಎರಕದ ಕಬ್ಬಿಣದ ಬ್ಯಾರಲ್ಲಿನ (ಸಿಲಿಂಡರಿನ) ಹಳೇ ಬುಲೆಟ್ 350ದು 70, ಹೊಲದಲ್ಲಿ ನೀರೆತ್ತುವ ಕಿರ್ಲೋಸ್ಕರ್ ಎವಿ1ದು 80. ಸಣ್ಣ ಬೈಕುಗಳಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಇರಬೇಕಾದ ಸಂದು ಸಾಮಾನ್ಯವಾಗಿ 20ರಿಂದ 50 ಮೈಕ್ರಾನ್, ಅಂದರೆ 0.02ರಿಂದ 0.05 ಮಿ.ಮೀ. ನಿಮ್ಮ ತಲೆಗೂದಲು ಇದಕ್ಕಿಂತ ದಪ್ಪ ಇದ್ದೀತು. ಸಂದು ಕಡಿಮೆಯಾದರೆ ಕಾದ ಪಿಸ್ಟನ್ ಬೋರಿನಲ್ಲಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಟಕಟಕ ಸದ್ದು, ನೀಲಿ ಹೊಗೆ, ತಿಂಗಳಿಗೊಮ್ಮೆ ಆಯಿಲ್ ಸುರಿಯುವ ಕೆಲಸ. ಬೋರಿಂಗ್, ಅಂದರೆ ಸವೆದ ಬೋರನ್ನು ಕೊರೆದು ದೊಡ್ಡದು ಮಾಡುವುದು, ಹೇಗೂ ಲೇತಿನವರ ಕೈಯಲ್ಲೇ ಆಗಬೇಕು. ಅವರು ಮಾಡಿಕೊಟ್ಟಿದ್ದು ಸರಿಯಾಗಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ನೋಡಿಕೊಳ್ಳಲು ಯಾವ ಸಾಮಾನು ಬೇಕು, ಅಗ್ಗದ್ದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈ ಕೊಡುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದೆ.

ಎಲ್ಲರೂ ಮೊದಲು ಕೊಳ್ಳುವುದು ಡಿಜಿಟಲ್ ವರ್ನಿಯರ್. ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಪರದೆಯ ಮೇಲೆ 0.01 ತೋರಿಸುತ್ತದೆ, ಅಲ್ಲಿಗೆ ಮನಸ್ಸು ಖುಷಿ. ಆದರೆ ಪರದೆ ತೋರಿಸುವ ಅಂಕಿಯೇ ಬೇರೆ, ಸಾಮಾನಿನ ನಿಖರತೆಯೇ ಬೇರೆ. ಮಿಟುಟೊಯೊದ 150 ಮಿ.ಮೀ. ಡಿಜಿಟಲ್ ಕ್ಯಾಲಿಪರಿಗೇ ಕಂಪನಿ ಕೊಡುವ ಭರವಸೆ ಹೆಚ್ಚುಕಡಿಮೆ 20 ಮೈಕ್ರಾನ್. ನೀವು ಹುಡುಕುತ್ತಿರುವ ಸಂದೇ 30 ಮೈಕ್ರಾನ್. ಮೇಲಾಗಿ ಒಳ ಅಳತೆಯ ದವಡೆಗಳ ಅಂಚು ಚೂಪಾಗಿರುವುದಿಲ್ಲ, ಸಣ್ಣ ಚಪ್ಪಟೆ ಇರುತ್ತದೆ. ದುಂಡನೆಯ ಬೋರಿನಲ್ಲಿ ಅದು ಯಾವಾಗಲೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಬೋರ್, ಪಿಸ್ಟನ್ ಎರಡಕ್ಕೂ ವರ್ನಿಯರ್ ಬೇಡವೇ ಬೇಡ. ಸ್ಪ್ರಿಂಗಿನ ಉದ್ದ, ಬೋಲ್ಟ್, ಗ್ಯಾಸ್ಕೆಟ್ ದಪ್ಪ, ಯಾವುದೋ ತೂತಿನ ಆಳ, ಇಂಥದ್ದಕ್ಕೆ ಸಾಕು. ಅದಕ್ಕೂ ನಮ್ಮ ಮತ 0.02 ಗೀರಿನ ಸಾದಾ ಉಕ್ಕಿನ ವರ್ನಿಯರಿಗೇ: ಬ್ಯಾಟರಿ ಇಲ್ಲ, ಕೆಡುವುದಿಲ್ಲ. ಡಿಜಿಟಲ್ಲೇ ಬೇಕೆಂದರೆ ಒಂದು ಮಾತು ತಿಳಿದಿರಲಿ. ಅಗ್ಗದವುಗಳಲ್ಲಿ ಪರದೆ ಆರಿಸಿದರೂ ಒಳಗಿನ ಲೆಕ್ಕ ನಡೆಯುತ್ತಲೇ ಇರುತ್ತದೆ, ಎಲ್‌ಆರ್44 ಸೆಲ್ಲು ತಿಂಗಳುಗಳಲ್ಲಿ ಖಾಲಿ. ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗೆಲ್ಲ ಹಸಿರು ಕಟ್ಟುತ್ತದೆ. ಪ್ಲಾಸ್ಟಿಕ್ ಮೈಯ ಕ್ಯಾಲಿಪರುಗಳನ್ನು ಮಕ್ಕಳಿಗೆ ಆಡಲು ಕೊಡಬಹುದು.

ದುಡ್ಡು ಹಾಕಬೇಕಾದ್ದು ಸ್ಕ್ರೂ ತಿರುಗಿಸಿ ಎರಡು ಮುಖಗಳ ನಡುವೆ ವಸ್ತು ಹಿಡಿದು ಅಳೆಯುವ ಮೈಕ್ರೋಮೀಟರಿಗೆ. ಪಿಸ್ಟನ್ ಅಳೆಯುವುದು ಅದೇ, ಬೋರಿನ ಒಳಗೆ ಇಳಿಸಿ ನೋಡುವ ಬೋರ್ ಗೇಜಿಗೆ ಸೈಜ್ ಹೇಳಿಕೊಡುವುದೂ ಅದೇ. ಅದು ಸುಳ್ಳು ಹೇಳಿದರೆ ಮಿಕ್ಕಿದ್ದೆಲ್ಲ ಅದೇ ಸುಳ್ಳನ್ನು ಹೇಳುತ್ತದೆ.

ಯಾವ ರೇಂಜ್ ಎಂಬಲ್ಲೇ ಬಹಳ ಜನ ತಪ್ಪುತ್ತಾರೆ. ಮೈಕ್ರೋಮೀಟರುಗಳು 0–25, 25–50, 50–75, 75–100 ಎಂದು ಬರುತ್ತವೆ. ಸ್ಪ್ಲೆಂಡರ್, ಆರ್‌ಎಕ್ಸ್‌ನವರು ‘ಬೋರ್ ಐವತ್ತು, 25–50 ಸಾಕು’ ಎಂದು ತರುತ್ತಾರೆ. ಸ್ಟ್ಯಾಂಡರ್ಡ್ ಪಿಸ್ಟನ್ 49.97ರ ಸುತ್ತ ಇರುತ್ತದೆ, ಅಲ್ಲಿಯವರೆಗೆ ಸರಿ. 25ರ ಸೈಜಿಗೆ, ಅಂದರೆ 0.25 ಓವರ್‌ಸೈಜಿಗೆ ಹೋದ ಕೂಡಲೇ ಪಿಸ್ಟನ್ 50 ದಾಟುತ್ತದೆ, ಮೈಕ್ರೋಮೀಟರಿನೊಳಗೆ ಕೂರುವುದೇ ಇಲ್ಲ. ಎರಡು ರೇಂಜಿನ ಗಡಿಯ ಮೇಲೇ ಕೂತಿರುವ ಎಂಜಿನ್‌ಗಳು ಇವು. ಸ್ಟ್ಯಾಂಡರ್ಡ್ ಬೋರಿನಲ್ಲಿದ್ದರೆ 25–50, ಒಮ್ಮೆ ಬೋರಿಂಗ್ ಆಗಿದ್ದರೆ 50–75 ತೆಗೆದುಕೊಳ್ಳಿ. ಬುಲೆಟ್, ಮಾರುತಿ 800 (ಬೋರ್ 68.5) ಇದ್ದವರಿಗೆ 50–75 ಒಂದೇ ಸಾಕು, 100ರ ಸೈಜಿನವರೆಗೂ, ಅಂದರೆ 1.00 ಮಿ.ಮೀ. ಓವರ್‌ಸೈಜಿನವರೆಗೂ, ಅಳೆಯುತ್ತದೆ. ಕಿರ್ಲೋಸ್ಕರ್ ಎವಿ1ಕ್ಕೆ 75–100. ಇವುಗಳ ಜೊತೆಗೆ 0–25ದು ಎಲ್ಲರಿಗೂ ಬೇಕು: ವಾಲ್ವ್ ಕಾಂಡ, ಪಿಸ್ಟನ್ ಪಿನ್ನು, ಶಿಮ್ಮು (ಸಂದು ತುಂಬುವ ತೆಳು ಬಿಲ್ಲೆ), ಸಂದು ನೋಡುವ ಫೀಲರ್ ಗೇಜಿನ ಎಲೆ, ಎಲ್ಲ ಅದರಲ್ಲೇ. ಒಂದೇ ಫ್ರೇಮಿಗೆ ನಾಲ್ಕು ಕಡ್ಡಿ ಬದಲಿಸಿ 0ಯಿಂದ 100ರವರೆಗೆ ಅಳೆಯುವ ಮೈಕ್ರೋಮೀಟರ್ ಅಗ್ಗವೇನೋ ಹೌದು. ಆದರೆ ಕಡ್ಡಿ ಬದಲಿಸಿದಾಗಲೆಲ್ಲ ಝೀರೋ ಮತ್ತೆ ಕೂರಿಸಬೇಕು, ದೊಡ್ಡ ಫ್ರೇಮಿನಲ್ಲಿ ಸಣ್ಣ ವಸ್ತು ಹಿಡಿಯುವುದು ಕಷ್ಟ. ಬೇಡ.

ಬ್ರ್ಯಾಂಡ್ ವಿಚಾರ. ಮಿಟುಟೊಯೊದ 103 ಸರಣಿ (103-137 ಎಂದರೆ 0–25) ಬಹಳ ಕಾಲದಿಂದ ಲೇತಿನವರ ನಂಬಿಕೆಯ ಸಾಮಾನು, ಥಿಂಬಲ್ (ಕೈಯಲ್ಲಿ ತಿರುಗಿಸುವ ಗೀರಿನ ಕೊಳವೆ) ಬೆಣ್ಣೆಯಂತೆ ತಿರುಗುತ್ತದೆ. ಇನ್ಸೈಜ್, ಗ್ರೋಜ್, ಪುಣೆಯ ಬೇಕರ್ ಇವು ಅದಕ್ಕಿಂತ ಅಗ್ಗ, ಮನೆ ಕೆಲಸಕ್ಕೆ ಧಾರಾಳವಾಗಿ ಸಾಕು. ಡಬ್ಬಿಯಲ್ಲಿ ತಪಾಸಣೆ ಚೀಟಿ ಇದೆಯೇ, ಡಿಐಎನ್ 863 (ಜರ್ಮನ್ ಮಾನದಂಡ) ಎಂದು ನಮೂದಿಸಿದೆಯೇ ನೋಡಿ. ಆ ಮಾನದಂಡದ ಪ್ರಕಾರ 50ರವರೆಗಿನ ಮೈಕ್ರೋಮೀಟರ್ 4 ಮೈಕ್ರಾನಿಗಿಂತ ಹೆಚ್ಚು ತಪ್ಪಬಾರದು, 50–100ರಲ್ಲಿ 5. ಹೆಸರಿಲ್ಲದ ಮಾಲು ಕೊಳ್ಳಬೇಡಿ ಎಂದು ಹೇಳುವುದಿಲ್ಲ. ಪರೀಕ್ಷೆ ಮಾಡದೆ ಕೊಳ್ಳಬೇಡಿ. ಮಿಟುಟೊಯೊ ಹೆಸರಿನ ನಕಲಿ ಬಹಳ ಓಡಾಡುತ್ತಿದೆ. ಅಸಲಿ ಬೆಲೆಯ ಕಾಲುಭಾಗಕ್ಕೆ ‘ಒರಿಜಿನಲ್ ರೀ ಸರ್, ಜಪಾನ್ ಮಾಲ್’ ಎಂದು ಯಾರಾದರೂ ಕೈಗಿಟ್ಟರೆ ಅಲ್ಲಿಂದ ಎದ್ದು ಬನ್ನಿ. ಅದೇ ದುಡ್ಡಿಗೆ ಹೆಸರು ಮುಚ್ಚಿಡದ ಅಗ್ಗದ ಕಂಪನಿಯ ಮಾಲು ಇದಕ್ಕಿಂತ ಮೇಲು.

ಕೌಂಟರಿನ ಮೇಲೆ ಮಾಡಬಹುದಾದ ಪರೀಕ್ಷೆಗೆ ಐದು ನಿಮಿಷ ಸಾಕು. ಎರಡು ಮುಖಗಳ ನಡುವೆ ಬಿಳಿ ಕಾಗದ ಹಗುರವಾಗಿ ಹಿಡಿದು ಎಳೆಯಿರಿ, ದೂಳು, ಎಣ್ಣೆ ಹೋಗುತ್ತದೆ. ಹಿಂಬದಿಯ ಗುಂಡಿ, ಅಂದರೆ ರ್‍ಯಾಚೆಟ್ ಹಿಡಿದು ಮುಚ್ಚಿ, ಮೂರು ಸಲ ಕಟ್ ಕಟ್ ಅನ್ನಲಿ. ಗೀರು ಸೊನ್ನೆಗೆ ಬಂತೇ? ಸ್ವಲ್ಪ ಆಚೀಚೆ ಇದ್ದರೆ ದೋಷವಲ್ಲ, ಡಬ್ಬಿಯಲ್ಲಿರುವ ಕೊಕ್ಕೆ ಪಾನ ಹಾಕಿ ಸ್ಲೀವ್ (ಥಿಂಬಲ್ಲಿನ ಒಳಗಿನ, ಮಿ.ಮೀ. ಗೀರಿರುವ ಕೊಳವೆ) ತಿರುಗಿಸಿ ಸರಿಮಾಡಬಹುದು. ಮುಚ್ಚಿದ ಮುಖಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಒಂದು ಕಡೆಯಿಂದ ಬೆಳಕು ಸೀಳಿಕೊಂಡು ಬಂದರೆ ಮುಖಗಳು ಸಮಾನಾಂತರ ಇಲ್ಲ, ಅದನ್ನು ಯಾರೂ ಸರಿಮಾಡಿಕೊಡಲಾರರು. ಆಮೇಲೆ ಥಿಂಬಲ್ಲನ್ನು ಕೊನೆಯವರೆಗೆ ಬಿಚ್ಚಿ ಮುಚ್ಚಿ. ಎಲ್ಲಾದರೂ ಬಿಗಿ, ಇನ್ನೆಲ್ಲೋ ಸಡಿಲ ಅನ್ನಿಸಿದರೆ ಒಳಗಿನ ಸ್ಕ್ರೂವಿನ ಮರೆ (ಥ್ರೆಡ್) ಸರಿಯಿಲ್ಲ. 25–50 ಮತ್ತು ಅದಕ್ಕೂ ದೊಡ್ಡದರ ಜೊತೆ ಸೆಟ್ಟಿಂಗ್ ಕಡ್ಡಿ (ಉದ್ದ ನಿಖರವಾಗಿ ಗೊತ್ತಿರುವ ಕಡ್ಡಿ) ಬಂದಿರಲೇಬೇಕು, ಅದಿಲ್ಲದೆ ಝೀರೋ ನೋಡಲು ದಾರಿಯಿಲ್ಲ.

ಕಡ್ಡಿ ನೋಡುವುದು ರೇಂಜಿನ ಒಂದು ತುದಿಯನ್ನು ಮಾತ್ರ. ನಡುವೆ ಸರಿ ಇದೆಯೇ ಎಂದು ತಿಳಿಯಲು ಲ್ಯಾಬಿನ ಸ್ಲಿಪ್ ಗೇಜ್ (ದಪ್ಪ ನಿಖರವಾಗಿ ಗೊತ್ತಿರುವ ತುಂಡು) ಬೇಕೆಂದೇನಿಲ್ಲ, ಬೇರಿಂಗ್ ಅಂಗಡಿಗೆ ಹೋಗಿ. ಹೊಸ 6204 ಬಾಲ್ ಬೇರಿಂಗಿನ ಹೊರ ವ್ಯಾಸ 47 ಮಿ.ಮೀ., ಸಾಮಾನ್ಯ ದರ್ಜೆಯಲ್ಲಿ ಅದು 47.000ಕ್ಕಿಂತ ದೊಡ್ಡದಿರಬಾರದು, 46.989ಕ್ಕಿಂತ ಚಿಕ್ಕದಿರಬಾರದು. 6203ದು 40, ಅದಕ್ಕೂ ಅಷ್ಟೇ ರಿಯಾಯಿತಿ. 25–50 ಮೈಕ್ರೋಮೀಟರಿನಲ್ಲಿ ಇವೆರಡನ್ನೂ ಅಳೆದು ನೋಡಿ. 47.03 ಎಂದೇನಾದರೂ ಬಂದರೆ ಬೇರಿಂಗನ್ನು ಅನುಮಾನಿಸುವ ಮೊದಲು ಮೈಕ್ರೋಮೀಟರನ್ನು ಅನುಮಾನಿಸಿ. ಎಸ್‌ಕೆಎಫ್, ಎನ್‌ಬಿಸಿ ತರಹದ ನೆಚ್ಚಿಕೆಯ ಕಂಪನಿಯದೇ ಬೇರಿಂಗ್ ಇರಲಿ. ಒಂದೇ ಜಾಗವನ್ನು ಹತ್ತು ಸಲ ಅಳೆಯಿರಿ. ಹತ್ತೂ ಅರ್ಧ ಗೀರಿನೊಳಗೆ ಬಂದರೆ ನಿಮ್ಮ ಕೈಯೂ ಸರಿ, ಸಾಮಾನೂ ಸರಿ.

ಓದುವಾಗಿನ ತಪ್ಪು ಒಂದಿದೆ, ಅನುಭವಸ್ಥರೂ ಬೀಳುವ ಗುಂಡಿ. 13 ಮಿ.ಮೀ. ಪಿಸ್ಟನ್ ಪಿನ್ನನ್ನು 0–25ರಲ್ಲಿ ಹಿಡಿದಿದ್ದೀರಿ. ಸ್ಲೀವಿನ ಮೇಲೆ 12 ಕಾಣುತ್ತದೆ, ಅದರಾಚೆಯ ಅರ್ಧದ ಗೀರೂ ಕಾಣುತ್ತದೆ, ಥಿಂಬಲ್ 49ರಲ್ಲಿದೆ. ಉತ್ತರ 12.5 ಕೂಡಿಸು 0.49, ಅಂದರೆ 12.99. ಅರ್ಧದ ಗೀರು ಮರೆತರೆ 12.49. ಇನ್ನೂ ಕೆಟ್ಟದ್ದೆಂದರೆ, ಥಿಂಬಲ್ 49ರಲ್ಲಿ ಇರುವಾಗ 13ರ ಗೀರು ಅಂಚಿನಲ್ಲಿ ಇಣುಕುತ್ತಿರುತ್ತದೆ; ಅದನ್ನೇ ಹಿಡಿದು 13.49 ಎಂದು ಬರೆದುಕೊಳ್ಳುವವರಿದ್ದಾರೆ. ವರ್ನಿಯರಿಗೆ ಇಲ್ಲೊಂದು ಒಳ್ಳೆಯ ಕೆಲಸ ಇದೆ: ಮೊದಲು ಅದರಲ್ಲಿ ಅಂದಾಜು ತೆಗೆದು ಬರೆದಿಟ್ಟುಕೊಳ್ಳಿ, ಅರ್ಧ ಮಿ.ಮೀ. ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಇನ್ನು ಡಯಲ್ ಬೋರ್ ಗೇಜ್. ಇದರಲ್ಲಿ ಧೈರ್ಯವಾಗಿ ಅಗ್ಗದ್ದು ತನ್ನಿ. ಇದು ತಾನಾಗಿ ಯಾವ ಅಳತೆಯನ್ನೂ ಹೇಳುವುದಿಲ್ಲ, ಮೈಕ್ರೋಮೀಟರ್ ಕೊಟ್ಟ ಸೈಜಿಗಿಂತ ಬೋರ್ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ತೋರಿಸುತ್ತದೆ. ಮುಳ್ಳು ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಂತರೆ ಸಾಕು. ಚೀನಾದ ಹೆಸರಿಲ್ಲದ ಸೆಟ್ಟುಗಳಲ್ಲಿ ಕೆಡುವುದು ಸಾಮಾನ್ಯವಾಗಿ ಡಯಲ್ಲೇ: ಮುಳ್ಳು ಅಂಟಿಕೊಳ್ಳುತ್ತದೆ, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಎರಡು ಗೀರು ಜಾರುತ್ತದೆ. ಕೊಳ್ಳುವಾಗ ಹೀಗೆ ತಟ್ಟಿ ನೋಡಿ. ಡಯಲ್ ಮಾತ್ರ ಕೆಟ್ಟಿದ್ದರೆ ಒಳ್ಳೆಯ 0.01ರ ಡಯಲ್ ಬೇರೆ ತಂದು ಅದೇ ಕೋಲಿಗೆ ಹಾಕಬಹುದು, ಸಾಮಾನ್ಯವಾಗಿ ಎಲ್ಲ ಡಯಲ್‌ಗಳ ಕಾಂಡ 8 ಮಿ.ಮೀ. ಇಲ್ಲೂ 50ರ ಗಡಿಯ ಪೇಚಾಟ ಇದೆ. ಸೆಟ್ಟುಗಳು 18–35, 35–50 ಅಥವಾ 35–60, ಆಮೇಲೆ 50–160 ಎಂದು ಬರುತ್ತವೆ. ಸ್ಪ್ಲೆಂಡರ್, ಆರ್‌ಎಕ್ಸ್‌ನವರು ಹುಡುಕಿ 35–60 ತರಬೇಕು. ಬುಲೆಟ್, ಮಾರುತಿ, ಕಿರ್ಲೋಸ್ಕರಿಗೆ 50–160.

ಸೆಟ್ ಮಾಡುವುದನ್ನು ನಿಧಾನವಾಗಿ ಕಲಿಯಿರಿ. ಮೈಕ್ರೋಮೀಟರನ್ನು ಬೇಕಾದ ಸೈಜಿಗೆ, 70.00 ಎಂದಿಟ್ಟುಕೊಳ್ಳಿ, ತಂದು ಲಾಕ್ ಮಾಡಿ, ವೈಸಿನಲ್ಲಿ ಎರಡು ಮರದ ತುಂಡುಗಳ ನಡುವೆ ಹಗುರವಾಗಿ ಹಿಡಿಸಿ. ಬೋರ್ ಗೇಜಿನ ಕಡ್ಡಿ, ವಾಷರ್ ಆರಿಸುವಾಗ ಒಟ್ಟು ಉದ್ದ 70ಕ್ಕಿಂತ ಅರ್ಧ ಮಿ.ಮೀ. ಹೆಚ್ಚಿರಲಿ, ಆಗ ಮುಳ್ಳು ಆಚೀಚೆ ಎರಡೂ ಕಡೆ ಓಡಲು ಜಾಗ ಇರುತ್ತದೆ. ಗೇಜಿನ ತಲೆಯನ್ನು ಮೈಕ್ರೋಮೀಟರಿನ ಎರಡು ಮುಖಗಳ ನಡುವೆ ಇಟ್ಟು ಮೇಲೆಕೆಳಗೆ, ಎಡಬಲ ತೂಗಿ. ಮುಳ್ಳು ಬಲಕ್ಕೆ ಓಡುತ್ತಾ ಹೋಗಿ ಒಂದು ಕಡೆ ನಿಂತು ಹಿಂದಕ್ಕೆ ತಿರುಗುತ್ತದೆ. ಆ ತಿರುವೇ ನಿಜವಾದ ಅಳತೆ, ಡಯಲಿನ ಸುತ್ತುಬಳೆ ತಿರುಗಿಸಿ ಸೊನ್ನೆಯನ್ನು ಅಲ್ಲಿಗೆ ತನ್ನಿ. ಇನ್ನು ಬೋರಿನೊಳಗೆ ಇಳಿಸಿ ಅದೇ ರೀತಿ ತೂಗಿ. ಮುಳ್ಳು ಸೊನ್ನೆ ದಾಟಿ ಗಡಿಯಾರದ ದಿಕ್ಕಿನಲ್ಲಿ ಹೋಗಿ ತಿರುಗಿದರೆ ಬೋರ್ ಚಿಕ್ಕದು. ಸೊನ್ನೆ ಮುಟ್ಟುವ ಮೊದಲೇ ತಿರುಗಿದರೆ ಬೋರ್ ದೊಡ್ಡದು. ಇದನ್ನು ಉಲ್ಟಾ ಓದಿ ಹೊಸ ಪಿಸ್ಟನ್ ವಾಪಸ್ ಕೊಡಲು ಹೋದರೆ ಅಂಗಡಿಯವರು ನಗುತ್ತಾರೆ.

ಗೇಜ್ ಸರಿ ಸೆಟ್ ಆಯಿತೇ ಎಂಬ ಅನುಮಾನಕ್ಕೂ ಬೇರಿಂಗೇ ಮದ್ದು. 6210 ಬೇರಿಂಗಿನ ಒಳ ವ್ಯಾಸ 50 ಮಿ.ಮೀ., 12 ಮೈಕ್ರಾನಿನವರೆಗೆ ಕಡಿಮೆ ಇರಬಹುದು, ಹೆಚ್ಚಿರುವಂತಿಲ್ಲ. 6214ದು 70, 6216ದು 80. ಇವಕ್ಕೆ 15 ಮೈಕ್ರಾನ್. ನೋಡಿ, ಸ್ಪ್ಲೆಂಡರ್, ಬುಲೆಟ್, ಕಿರ್ಲೋಸ್ಕರ್ ಮೂರಕ್ಕೂ ಸರಿಯಾದ ಬಳೆ ಬೇರಿಂಗ್ ಅಂಗಡಿಯಲ್ಲೇ ಕೂತಿದೆ. ಇದು ಮಾಸ್ಟರ್ ರಿಂಗಿನ (ಗೇಜ್ ಸೆಟ್ ಮಾಡಲೆಂದೇ ಇರುವ ನಿಖರ ಬಳೆಯ) ಜಾಗ ತುಂಬುವುದಿಲ್ಲ, ಆದರೆ ದೊಡ್ಡ ತಪ್ಪು ಆಗಿದ್ದರೆ ತಕ್ಷಣ ತೋರಿಸಿಕೊಡುತ್ತದೆ.

ಬೋರ್ ಅಳೆಯುವುದೆಂದರೆ ಒಂದು ಅಂಕಿ ಬರೆದುಕೊಳ್ಳುವುದಲ್ಲ, ಆರು. ಮೇಲಿನ ರಿಂಗ್ ಮೇಲೇರಿ ಹಿಂದಿರುಗುವ ಜಾಗದಲ್ಲಿ, ನಡುವೆ, ಕೆಳಗೆ, ಪ್ರತಿಯೊಂದರಲ್ಲೂ ಪಿಸ್ಟನ್ ಪಿನ್ನಿನ ದಿಕ್ಕಿಗೊಂದು, ಅದಕ್ಕೆ ಅಡ್ಡಲಾಗಿ ಇನ್ನೊಂದು. ಸವೆತ ಹೆಚ್ಚಾಗಿರುವುದು ಮೇಲೆ, ಅಡ್ಡ ದಿಕ್ಕಿನಲ್ಲಿ. ಅಲ್ಲಿ ಒತ್ತಡ ಹೆಚ್ಚು, ಆಯಿಲ್ ಕಡಿಮೆ, ಕನೆಕ್ಟಿಂಗ್ ರಾಡ್ ಪಿಸ್ಟನ್ನನ್ನು ಆ ಗೋಡೆಗೇ ಒತ್ತುತ್ತದೆ. ಮೇಲಿಗೂ ಕೆಳಗೂ, ಉದ್ದಕ್ಕೂ ಅಡ್ಡಕ್ಕೂ ವ್ಯತ್ಯಾಸ 50 ಮೈಕ್ರಾನ್ ದಾಟಿದರೆ ಹೊಸ ರಿಂಗ್ ಹಾಕಿ ಹೊಗೆ ನಿಲ್ಲಿಸುವ ಆಸೆ ಬಿಡಿ. ನಿಮ್ಮ ಎಂಜಿನ್ನಿನ ಮ್ಯಾನುಯಲ್ ಇದಕ್ಕಿಂತ ಬಿಗಿ ಮಿತಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ಪಿಸ್ಟನ್ನನ್ನು ಅಳೆಯುವುದು ತಲೆಯ ಹತ್ತಿರ ಅಲ್ಲ. ಪಿಸ್ಟನ್ ಮೇಲೆ ಸಣ್ಣ, ಕೆಳಗೆ ದೊಡ್ಡ, ದುಂಡಗೂ ಇರುವುದಿಲ್ಲ. ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಕೆಳ ಅಂಚಿನಿಂದ ಮ್ಯಾನುಯಲ್ ಹೇಳಿದಷ್ಟು ಮೇಲೆ, ಹೆಚ್ಚಾಗಿ 10 ಮಿ.ಮೀ. ಆಸುಪಾಸು. ಲೇತಿಗೆ ಕೊಡುವಾಗ ಬ್ಯಾರಲ್ಲಿನ ಜೊತೆ ಹೊಸ ಪಿಸ್ಟನ್ನನ್ನೂ ಕೊಟ್ಟು, ಬೇಕಾದ ಸಂದನ್ನು ಚೀಟಿಯಲ್ಲಿ ಬರೆದುಕೊಡಿ. ಹಳಬರು ಥೌ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಥೌ ಅಂದರೆ 25 ಮೈಕ್ರಾನ್ ಚಿಲ್ಲರೆ.

ಬೋರಿನೊಳಗೆ ಬಿಚ್ಚಿ ಲಾಕ್ ಮಾಡಿ ಹೊರಗೆ ತೆಗೆದು ಅಳೆಯುವ ಟೆಲಿಸ್ಕೋಪಿಕ್ ಗೇಜ್ ಸೆಟ್ ಬೋರ್ ಗೇಜಿಗಿಂತ ಅಗ್ಗ ಎಂದು ಆಸೆಪಡುವವರಿಗೆ: ಅಗ್ಗದವು ಲಾಕ್ ಮಾಡುವಾಗ ಸರಿಯುತ್ತವೆ, ಅಳೆದವರ ಕೈ ಬದಲಾದರೆ ಅಳತೆಯೂ ಬದಲು. ಆ ದುಡ್ಡನ್ನು ಬೋರ್ ಗೇಜಿಗೆ ಸೇರಿಸಿ.

ಈಗ ನಮ್ಮ ಕಡೆಯ ದೊಡ್ಡ ತಲೆನೋವು. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತಾರಲ್ಲ, ರಾಯಚೂರಿನವರು ಅದನ್ನೂ ಒಪ್ಪಲಿಕ್ಕಿಲ್ಲ. ಮ್ಯಾನುಯಲ್ಲಿನ ಅಳತೆಗಳೆಲ್ಲ 20 ಡಿಗ್ರಿಗೆ ಹೇಳಿದ್ದು. ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ 40 ಇದೆ ಅಂದುಕೊಳ್ಳಿ. ಒಂದು ಡಿಗ್ರಿ ಏರಿದರೆ ಅಲ್ಯುಮಿನಿಯಂ ಪ್ರತಿ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಹನ್ನೊಂದೂವರೆ, ಎರಕದ ಕಬ್ಬಿಣ ಹತ್ತೂವರೆ. ಬುಲೆಟಿನ 70 ಮಿ.ಮೀ. ಪಿಸ್ಟನ್ನನ್ನು ಉಕ್ಕಿನ ಮೈಕ್ರೋಮೀಟರಿನಿಂದ ಆ ಬಿಸಿಯಲ್ಲಿ ಅಳೆದರೆ ಅದು 16 ಮೈಕ್ರಾನ್ ದಪ್ಪ ಕಾಣುತ್ತದೆ. ಎರಕದ ಬ್ಯಾರಲ್ ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಕಾಣುತ್ತದೆ. ಸಂದು ಸುಳ್ಳೇ 16 ಮೈಕ್ರಾನ್ ಕಡಿಮೆ. ‘ಬಿಗಿ ಆಗಿದೆ, ಇನ್ನೊಂಚೂರು ಹೋನಿಂಗ್ ಮಾಡ್ರಿ’ ಎಂದು, ಅಂದರೆ ಬೋರನ್ನು ಇನ್ನಷ್ಟು ಉಜ್ಜಲು, ಲೇತಿಗೆ ವಾಪಸ್ ಕಳಿಸಿದರೆ ಸರಿ ಇದ್ದ ಬೋರ್ ಸಡಿಲವಾಗಿ ಬರುತ್ತದೆ. ಹೊಸದಾಗಿ ಬೋರಿಂಗ್ ಮಾಡಿದ ಬ್ಯಾರಲ್ ಇನ್ನೂ ಬಿಸಿ ಇರುವಾಗ ಅಲ್ಲೇ ನಿಂತು ಅಳೆಯುವುದಂತೂ ಶುದ್ಧ ದಂಡ.

ಇದಕ್ಕೆ ಖರ್ಚಿಲ್ಲದ ಉಪಾಯ: ಪಿಸ್ಟನ್, ಬ್ಯಾರಲ್, ಮೈಕ್ರೋಮೀಟರ್, ಬೋರ್ ಗೇಜ್ ನಾಲ್ಕನ್ನೂ ರಾತ್ರಿಯೆಲ್ಲ ಒಂದೇ ಕೋಣೆಯ ನೆಲದ ಮೇಲೆ, ಶಹಾಬಾದ್ ಕಲ್ಲಿನ ನೆಲವಾದರೆ ಇನ್ನೂ ಒಳ್ಳೆಯದು, ಬಿಟ್ಟು ಬೆಳಗಿನ ಆರಕ್ಕೆ ಅಳೆಯಿರಿ. ಕೋಣೆಯಲ್ಲಿ ಥರ್ಮಾಮೀಟರ್ ಇರಲಿ. 20ರ ಮೇಲಿನ ಪ್ರತಿ ಹತ್ತು ಡಿಗ್ರಿಗೆ 50ರ ಪಿಸ್ಟನ್ ಅಳತೆಯಿಂದ 6 ಮೈಕ್ರಾನ್, 70ರದರಿಂದ 8, 80ರದರಿಂದ 9 ಕಳೆಯಿರಿ. ಮೈಕ್ರೋಮೀಟರಿನ ಫ್ರೇಮನ್ನು ಬರಿಗೈಯಲ್ಲಿ ಹತ್ತು ನಿಮಿಷ ಹಿಡಿದು ಕೂರಬೇಡಿ, ಅಂಗೈ ಬಿಸಿಗೂ ಅದು ಹಿಗ್ಗುತ್ತದೆ.

ಡಯಲ್ ಗೇಜ್, ಮ್ಯಾಗ್ನೆಟಿಕ್ ಬೇಸ್ ಬೇಕಾಗುವುದು ಕ್ರ್ಯಾಂಕಿನ ಓಟ (ತಿರುಗುವಾಗಿನ ಓಲಾಟ) ನೋಡಲು, ಟೂ-ಸ್ಟ್ರೋಕ್ ಟೈಮಿಂಗ್ ಇಡಲು. ಬೇಸ್ ಕೊಳ್ಳುವಾಗ ಡಯಲ್ ಹಿಡಿಯುವ ಅದರ ತೋಳನ್ನು ಜೋಡಿಸಿ ಬಿಗಿದು, ತುದಿಯನ್ನು ಬೆರಳಿನಿಂದ ಒತ್ತಿ ಬಿಡಿ. ಮುಳ್ಳು ಹೊರಟ ಜಾಗಕ್ಕೇ ಬರಬೇಕು. ತೆಳ್ಳನೆ ಕಡ್ಡಿಯ ಬೇಸುಗಳು ಇಲ್ಲೇ ಸೋಲುತ್ತವೆ. ಇನ್ನೊಂದು, ಬೈಕಿನ ಕ್ರ್ಯಾಂಕ್‌ಕೇಸ್ ಅಲ್ಯುಮಿನಿಯಂ, ಅಯಸ್ಕಾಂತ ಅಂಟುವುದಿಲ್ಲ. 6 ಮಿ.ಮೀ. ಕಬ್ಬಿಣದ ಪಟ್ಟಿಗೆ ತೂತು ಹೊಡೆಸಿ ಸಿಲಿಂಡರ್ ಸ್ಟಡ್ಡಿಗೆ ನಟ್ ಹಾಕಿ ಬಿಗಿದು, ಅದರ ಮೇಲೆ ಬೇಸ್ ಇಡಿ. ಡಯಲ್ ತೋರಿಸುವ ಒಟ್ಟು ಓಟ, ಕೇಂದ್ರ ತಪ್ಪಿದ್ದರ ಎರಡರಷ್ಟು ಎಂಬುದು ನೆನಪಿರಲಿ.

ಫೀಲರ್ ಗೇಜ್ ಯಾವ ಕಂಪನಿಯದಾದರೂ ನಡೆದೀತು, 0.05ರಿಂದ 1.00ರ ಸೆಟ್. ತಂದ ದಿನವೇ ಪ್ರತಿ ಎಲೆಯನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ತಪ್ಪಿದ್ದರ ಮೇಲೆ ನಿಜವಾದ ದಪ್ಪ ಗೀಚಿಡಿ. ರಿಂಗಿನ ಬಾಯಿ (ಎರಡು ತುದಿಗಳ ನಡುವಿನ ಸಂದು) ಅಳೆಯುವಾಗ ರಿಂಗನ್ನು ಬೆರಳಿನಿಂದ ದೂಕಬೇಡಿ, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದಲೇ ಒತ್ತಿ ಇಳಿಸಿದರೆ ರಿಂಗ್ ನೇರ ಕೂರುತ್ತದೆ. ಬೇರಿಂಗಿನ ಸಂದು ನೋಡುವ ಪ್ಲಾಸ್ಟಿಗೇಜ್ ಎಂಬ ಮೇಣದ ದಾರ, ಶೆಲ್ ಬೇರಿಂಗ್ (ಅರ್ಧ ಬಳೆಯಂಥ ಎರಡು ತುಂಡಿನದು) ಇರುವ ಕಾರು, ಟ್ರ್ಯಾಕ್ಟರ್, ಪಂಪ್‌ಸೆಟ್ ಎಂಜಿನ್ನಿಗೆ ಮಾತ್ರ. ಹಸಿರು ದಾರ 25ರಿಂದ 76 ಮೈಕ್ರಾನ್ ತೋರಿಸುತ್ತದೆ. ಸ್ಪ್ಲೆಂಡರ್, ಆರ್‌ಎಕ್ಸ್‌ನಲ್ಲಿ ರೋಲರ್ ಬೇರಿಂಗ್, ಅಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಎಲ್ಲವನ್ನೂ ಒಟ್ಟಿಗೆ ತರಲಾಗದಿದ್ದರೆ ಈ ಸರದಿಯಲ್ಲಿ ತನ್ನಿ: ನಿಮ್ಮ ಬೋರಿನ ರೇಂಜಿನ ಒಳ್ಳೆಯ ಮೈಕ್ರೋಮೀಟರ್, ಅಗ್ಗದ ಬೋರ್ ಗೇಜ್, ಫೀಲರ್, 0–25 ಮೈಕ್ರೋಮೀಟರ್, ಆಮೇಲೆ ಡಯಲ್ ಮತ್ತು ಬೇಸ್. ಕೈಯಲ್ಲಿ ಹಿಡಿದು ನೋಡಿ ಕೊಳ್ಳಬೇಕೆಂದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆ, ರಾಯಚೂರಿನವರಿಗೆ ಸಿಕಂದರಾಬಾದಿನ ರಾಣಿಗಂಜ್. ಆನ್‌ಲೈನಿನಲ್ಲಿ ತರಿಸಿದರೆ ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ವಾಪಸ್ ಕೊಡುವ ಗಡುವಿನೊಳಗೇ ಮುಗಿಸಿ.

ಇಟ್ಟುಕೊಳ್ಳುವ ರೀತಿಗೂ ಒಂದು ಮಾತು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಅದಿರಿನ ದೂಳು ಉಜ್ಜುಕಾಗದದ ಪುಡಿ ಇದ್ದಂತೆ, ಮೈಕ್ರೋಮೀಟರಿನ ಮರೆಯೊಳಗೆ ಹೋದರೆ ಥಿಂಬಲ್ ಗರಗರ ಅನ್ನುತ್ತದೆ. ಸಾಮಾನು ಡಬ್ಬಿಯಲ್ಲಿ, ಡಬ್ಬಿ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಬೆವರಿನ ಕೈ ತಾಗಿದ ಮುಖಗಳನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ, ಎರಡು ಮುಖಗಳ ನಡುವೆ ಒಂದು ಮಿ.ಮೀ. ಸಂದು ಬಿಟ್ಟು, ಲಾಕ್ ಹಾಕದೆ ಇಡಿ.